ಟವಲ್ ಹಾಕಿ ಹಿಡಿದ ಸೀಟು

ಅರುಣಾ ಚನ್ನಗಿರಿ–ನ್ಯಾಮತಿ ಬಸ್ಸಿನ ಕಂಡಕ್ಟರ್. ಊರು ಸಂತೇಬೆನ್ನೂರು. ಎಂಥ ರಶ್ಶಿನಲ್ಲೂ ಹಿಂದಿನ ಸೀಟಿನವರೆಗೆ ಕೇಳುವ ಗಂಟಲು. ಕೊರೋನಾ ಎರಡನೇ ಅಲೆಯಲ್ಲಿ ಬಸ್ಸುಗಳು ನಿಂತಾಗ, ಚನ್ನಗಿರಿಯಲ್ಲಿ ನಾವು ಕೆಲವರು ನಡೆಸುತ್ತಿದ್ದ ಸಹಾಯವಾಣಿಗೆ ತಾನಾಗಿ ಬಂದಳು. ಕಾರಣ ಕೇಳಿದೆ.

"ಮನೇಲಿ ಬಾಯಿ ಮುಚ್ಕಂಡು ಕೂರಾಕೆ ಆಗ್ತಿಲ್ಲ ಮೇಡಂ."

ಪ್ರಾಮಾಣಿಕ ಉತ್ತರ. ಸೇರಿಸಿಕೊಂಡೆ. ಈಗಲೂ ರಜೆಯ ದಿನ ಬರುತ್ತಾಳೆ.

ತರಬೇತಿಯಲ್ಲಿ ನಾನು ಹೇಳಿದ್ದು ಹೆಚ್ಚೇನಿಲ್ಲ. ಉಪದೇಶ ಬೇಡ. ಅನುಮಾನ ಬಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ಆಗ ಬರುತ್ತಿದ್ದ ಕರೆಗಳಲ್ಲಿ ಹೆಚ್ಚಿನವು ಆಕ್ಸಿಜನ್, ಲಸಿಕೆ, ಆಸ್ಪತ್ರೆಯ ಹಾಸಿಗೆಗೆ ಸಂಬಂಧಿಸಿದವು. ಬೇರೆ ಥರದ ಕರೆ ಅವುಗಳ ನಡುವೆಯೇ ಬರುತ್ತಿತ್ತು.

ಹೊಸಬರ ಕರೆಗಳನ್ನು ನಾನೂ ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಫೋನ್ ಎತ್ತಿದ ಅರುಣಾ, ಹಳೇ ಅಭ್ಯಾಸದಲ್ಲಿ "ಎಲ್ಲಿಗ್ರೀ?" ಎಂದುಬಿಟ್ಟಳು. ನಾನು ಗುರಾಯಿಸಿದೆ.

ಆ ಕಡೆಯಿಂದ ಗಂಡಸಿನ ದನಿ: "ಕಡೇ ಸ್ಟಾಪಿಗೆ."

ಅವಳ ನಗು ಇಳಿಯಿತು. "ಸಾಯಾಕೆ ಅಂತನಾ?"

"ಹೂಂ."

ಆತನನ್ನು ಮಾಲತೇಶ್ ಎಂದು ಕರೆಯೋಣ. ನ್ಯಾಮತಿಯಲ್ಲಿ ಫೋಟೊ ಸ್ಟುಡಿಯೋ. ಜಗಳೂರಿನಲ್ಲಿ ಒಂದು ಮದುವೆಯ ಫೋಟೊ ತೆಗೆದು ಬಂದ ಮೇಲೆ ಆತನಿಗೆ ಜ್ವರ, ಆಮೇಲೆ ಹೆಂಡತಿಗೆ. ಆತ ಉಳಿದ, ಆಕೆ ಉಳಿಯಲಿಲ್ಲ. ಈಗ ಷಟರ್ ಎಳೆದುಕೊಂಡು ಸ್ಟುಡಿಯೋದೊಳಗೆ ಒಬ್ಬನೇ ಕೂತಿದ್ದ.

"ನಾನೇ ತಂದಿದ್ದು. ನಾನೇ ತಂದಿದ್ದು."

"ಭಾಳ ಭಾರ ಐತ್ರೀ ಅದು," ಎಂದಳು ಅರುಣಾ. "ಒಬ್ರೇ ಹೊತ್ಕಂಡು ನಿಂತೀರಿ."

"ಇಳಿಸಿಬಿಡ್ರಿ ನನ್ನ. ಸಾಕು."

"ನಂದು ಎಕ್ಸ್‌ಪ್ರೆಸ್ಸು. ಕೈ ಮಾಡಿದಲ್ಲೆಲ್ಲಾ ನಿಲ್ಸಲ್ಲ."

ಆತ ಮೂಗಿನಲ್ಲಿ ಸಣ್ಣಗೆ ನಕ್ಕ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

"ಬಸ್ಸು ರಶ್ ಐತೆ ಅಂತಿಟ್ಕಳ್ರಿ. ಕಿಟಕೀಲಿ ಟವಲ್ ಹಾಕಿ ಸೀಟು ಹಿಡಿದ್ರಿ. ಪಕ್ಕದ್ದು ಯಾರಿಗೆ?"

"ಅವ್ಳಿಗೇ ಹಿಡೀತಿದ್ದೆ."

"ಗೊತ್ತಾತು. ಇವತ್ತು ಯಾರಿಗೆ?"

"ನನ್ ತಮ್ಮ ಪ್ರದೀಪಂಗೆ. ಆದ್ರೆ ಬರಬ್ಯಾಡ ಅಂದೀನಿ ಅವ್ನಿಗೆ."

"ನಂಬರ್ ಹೇಳ್ರಿ. ಕದ್ದು ಮಾಡಲ್ಲ, ನಿಮಗೆ ಹೇಳೇ ಫೋನ್ ಮಾಡಿಸ್ತೀನಿ. ಹತ್ರ ಏನಾರ ಇಟ್ಕಂಡಿದ್ರೆ ದೂರ ಇಟ್ಟು ಬಂದು ಕುಂದುರ್ರಿ."

ನಂಬರ್ ಬಂತು. ಇನ್ನೊಂದು ಫೋನಿನಿಂದ ನಾನೇ ಕರೆ ಮಾಡಿದೆ. ವಿಷಯ ಹೇಳಿ ಮುಗಿಸುವ ಮೊದಲೇ ಪ್ರದೀಪನ ಬೈಕಿನ ಸದ್ದು ಕೇಳಿತು. ಅರುಣಾ ಇತ್ತ ಮಾತು ನಿಲ್ಲಿಸಲಿಲ್ಲ.

"ಮದುವೆ ಫೋಟೊದಾಗೆ ಜಾಸ್ತಿ ಕಾಡೋರು ಯಾರ್ರೀ? ಮದುಮಗಳಾ?"

"ಸೋದರತ್ತೇರು," ಎಂದ ಮಾಲತೇಶ್. "ಊಟ ಆದ್ಮೇಲೆ ಸೀರೆ ಬದಲಾಯ್ಸಿ ಮತ್ತೆ ಬರ್ತಾರೆ."

ಅಷ್ಟರಲ್ಲಿ ಷಟರ್ ಬಡಿಯುವ ಸದ್ದು. "ಅಣ್ಣಾ, ತೆಗಿಯಣ್ಣಾ."

ಆತ ಏಳಲಿಲ್ಲ. "ಅವ್ನ ಮುಖ ನೋಡಾಕೆ ಆಗಲ್ಲ ನಂಗೆ."

ಅರುಣಾ ಬಸ್ಸಿನ ಗಂಟಲು ತೆಗೆದಳು. "ಸೀಟು ಹಿಡಿದು ಬಾಗ್ಲು ತೆಗೀಲಿಲ್ಲ ಅಂದ್ರೆ ಆ ಮನುಷ್ಯ ಹೆಂಗ್ರೀ ಹತ್ತಾದು?"

ಕುರ್ಚಿ ಸರಿದ ಸದ್ದು. ಆಮೇಲೆ ಷಟರ್ ಮೇಲೇರಿತು. ಆ ಕರ್ಕಶ ಸದ್ದು ನಮ್ಮ ಕೋಣೆ ತುಂಬಿತು. ಇಬ್ಬರು ಗಂಡಸರು ಅಳುತ್ತಿದ್ದರು. ಕೊನೆಗೆ ಫೋನ್ ಹಿಡಿದವನು ಪ್ರದೀಪ.

"ಮೇಡಂ, ಇನ್ನು ಅಣ್ಣನ್ನ ಒಬ್ನೇ ಬಿಡಲ್ಲ. ಈಗ್ಲೇ ಡಾಕ್ಟ್ರ ಹತ್ರ ಕರ್ಕಂಡು ಹೋಗ್ತೀನಿ."

"ಬೈಕ್ ಮೇಲೆ ಇಬ್ರೂ ಕುಂತ ಮೇಲೆ ಹೇಳ್ರಿ. ಕಾಯ್ತೀನಿ."

ಸ್ವಲ್ಪ ಹೊತ್ತಿಗೆ ಮಾಲತೇಶನ ದನಿ: "ಕುಂತೀನ್ರೀ."

"ರೈಟ್," ಎಂದಳು ಅರುಣಾ.