ಮೇಲಿನ ಮನೆ ಮಾಮನ ಸೋಫಾ ಸೆಟ್ಟು

"ಅಮ್ಮಾ, ಮೇಲಿನ ಮನೆ ಮಾಮಂಗೆ ದಿನಾ ಹೊಟ್ಟೆ ಕೆಡತ್ತಾ?"

ಪುಟ್ಟಿ ಕೇಳಿದ್ದು ಲಿಫ್ಟಿನಲ್ಲಿ, ಅದೂ ಕಿಕ್ಕಿರಿದ ಲಿಫ್ಟಿನಲ್ಲಿ. ಪುಣ್ಯಕ್ಕೆ ಆ ಪರದೇಶದ ಕಟ್ಟಡದಲ್ಲಿ ಕನ್ನಡ ತಿಳಿಯುವ ಮನೆ ಎರಡೇ: ಇವರದು, ಆ ಮಾಮನದು.

"ಹಾಗೆಲ್ಲ ಕೇಳಬಾರದು ಕಂದಾ."

"ಮತ್ತೆ ಅವರ ಹಾಲ್ ತುಂಬ ಕಮೋಡ್ ಯಾಕಿದೆ? ಛತ್ರಿ ವಾಪಸ್ ಕೊಡಕ್ಕೆ ಹೋದಾಗ ಬೆಡ್‌ಶೀಟ್ ಎತ್ತಿ ನೋಡ್ದೆ."

ಅಮ್ಮ ಬಂದ ನಗುವನ್ನು ಕೆಮ್ಮಿ ಮುಚ್ಚಿಕೊಂಡಳು.

ಮಾಮನೆಂದರೆ ವಯಸ್ಸಾದವನೇನಲ್ಲ. ಅಮ್ಮನಿಗಿಂತ ಚಿಕ್ಕವನು, ಅವಳನ್ನು ಬಾಯ್ತುಂಬ "ಅಕ್ಕಾ" ಎನ್ನುವವನು. ದರ್ಜಿಯ ಮಗನಾದ್ದರಿಂದ ಅಂಗಿಯ ಇಸ್ತ್ರಿ ಮುರಿಯದಂತೆ ಬಸ್ಸಿನಲ್ಲೂ ನಿಂತೇ ಹೋಗುತ್ತಾನೆ. ಯಾರಿಗೂ ಬೇಡ ಎಂದವನಲ್ಲ. ಆ ಗುಣವೇ ಅವನ ಬೆನ್ನಿಗೆ ಬಿದ್ದ ಭೂತ. ಬಚ್ಚಲುಮನೆ ಸಾಮಾನು ತರಿಸಿ ಮಾರುವ ಕಂಪನಿಯಲ್ಲಿ ಗೋದಾಮು ನೋಡಿಕೊಳ್ಳುವ ಕೆಲಸ. ದೊಡ್ಡ ದೇಶಗಳು ಸುಂಕದ ಜಗಳಕ್ಕೆ ಬಿದ್ದಮೇಲೆ, ಬೆಳಗ್ಗೆ ಅಂಟಿಸಿದ ಬೆಲೆಚೀಟಿಯ ಗೋಂದು ಆರುವ ಮೊದಲೇ ಅದರ ಮೇಲೆ ಇನ್ನೊಂದು ಚೀಟಿ. ಜನ ಚಿನ್ನದ ಬೆಲೆ ವಿಚಾರಿಸುವ ಹಾಗೆ ಫೋನ್ ಮಾಡಿ ಕಮೋಡಿನ ಬೆಲೆ ವಿಚಾರಿಸುತ್ತಿದ್ದರು. ಸುಂಕ ಇನ್ನೂ ಏರೀತೆಂದು ಹೆದರಿದ ಯಜಮಾನ ಎದ್ದೆನೋ ಬಿದ್ದೆನೋ ಎಂದು ಮಾಲು ತರಿಸಿದ. ಗೋದಾಮು ತುಂಬಿತು, ಆಫೀಸಿನ ಮೆಟ್ಟಿಲು ತುಂಬಿತು, ಆಮೇಲೆ ನೌಕರರ ಮನೆಗಳೂ ತುಂಬಿದವು. ಮಾಮನ ಬೆನ್ನು ತಟ್ಟಿ, ಸ್ವಲ್ಪ ದಿನ ಇಟ್ಟುಕೋ ಎಂದ. ಮಾಮ ಹಲ್ಲು ಕಿರಿದು ತಲೆಯಾಡಿಸಿದ.

ಸಂಜೆ ಅಮ್ಮ ತಾನೇ ಹತ್ತಿ ಹೋಗಿ ನೋಡಿದಳು. ಗೋಡೆಗುಂಟ ಹೂವಿನ ಬೆಡ್‌ಶೀಟ್ ಹೊದ್ದು ಸಾಲಾಗಿ ಕೂತಿದ್ದವು.

"ಇದೇನೋ ಇದು! ಚಳಿ ಆಗತ್ತಾ ಇವಕ್ಕೆ?"

"ನಗಬೇಡಿ ಅಕ್ಕಾ. ವಿಡಿಯೋ ಕಾಲ್‌ನಲ್ಲಿ ನನ್ನ ಹೆಂಡ್ತಿಗೆ ಕಾಣಬಾರ್ದು ಅಂತ ಹೊದಿಸಿದೆ. ಅವಳು, 'ಅಯ್ಯೋ, ಸೋಫಾ ಸೆಟ್ ತಗೊಂಡ್ರಾ!' ಅಂದ್ಲು. ನಾನು ಹೂಂ ಅಂದ್ಬಿಟ್ಟೆ."

"ಹೂಂ ಅಂದ್ಯಾ!"

"ಅವಳು ಅವರಮ್ಮಂಗೆ ಹೇಳಿದ್ಲು, ಅತ್ತೆ ಬೀದಿಗೆಲ್ಲ ಡಂಗುರ ಹೊಡೆದ್ರು. ನಿನ್ನೆ ಫೋನ್ ಮಾಡಿ, ಕೂತ್ರೆ ಮೆತ್ತಗಿದೆಯಾ ಅಂತ ಕೇಳ್ತಾರೆ."

"ಏನಂದೆ?"

"ಗಟ್ಟಿ ಇದೆ, ಬಾಳಿಕೆ ಬರತ್ತೆ ಅಂದೆ."

ನಕ್ಕೂ ನಕ್ಕೂ ಅಮ್ಮ ಹಿಂದೆ ನೋಡದೆ ಕುಳಿತಳು. ಎಲ್ಲಿ ಕುಳಿತೆನೆಂದು ಅರಿವಾದಾಗ ಚೇಳು ಕಡಿದವಳಂತೆ ಎದ್ದಳು. ಮಾಮ ಮಾತ್ರ ನಗಲಿಲ್ಲ. ಮದುವೆಯಾದ ಹದಿನೈದೇ ದಿನಕ್ಕೆ ಊರಲ್ಲಿ ಬಿಟ್ಟುಬಂದ ಹೆಂಡತಿ ಈ ಭಾನುವಾರ ವಿಮಾನ ಇಳಿಯುವವಳಿದ್ದಳು.

"ಬಂದ ದಿನವೇ ಗಂಡ ಸುಳ್ಳುಗಾರ ಅಂತ ಗೊತ್ತಾದ್ರೆ? ಮುಂದೆ ನಾನು ನಿಜ ಹೇಳಿದ್ರೂ ನಂಬ್ತಾಳಾ ಅಕ್ಕಾ?"

"ಯಜಮಾನಂಗೆ ವಾಪಸ್ ತಗೊಂಡ್ಹೋಗಿ ಅನ್ನು."

"ಅಂದ್ರೆ ಕೆಲಸ ಹೋಗತ್ತೆ. ಕೆಲಸ ಹೋದ್ರೆ ವೀಸಾ ಹೋಗತ್ತೆ, ವೀಸಾ ಹೋದ್ರೆ ಅವಳು ಬರೋ ಹಾಗೇ ಇಲ್ಲ. ಒಟ್ನಲ್ಲಿ ನನ್ನ ಸಂಸಾರ ಪೂರ್ತಿ ಕಮೋಡಿನ ಮೇಲೆ ಕೂತಿದೆ."

ಕೋಣಗಳ ಕಾಳಗದಲ್ಲಿ ಗಿಡಕ್ಕೆ ಸಾವು ಎಂದು ಅಮ್ಮನ ಅಜ್ಜಿ ಹೇಳುತ್ತಿದ್ದುದು ಇಂಥದ್ದಕ್ಕೇ ಇರಬೇಕು. ಆದರೆ ಮರುಗುತ್ತ ನಿಂತರೆ ಹಾಲ್ ಖಾಲಿಯಾಗುವುದಿಲ್ಲವಲ್ಲ. ಅಮ್ಮ ದುಪಟ್ಟಾದಲ್ಲೇ ಅಳತೆ ಹಿಡಿದಳು.

"ಒಂದು ನಾಲ್ಕು ನಮ್ಮ ಬಾಲ್ಕನಿಗೆ ಬರ್ಲಿ. ಉಳಿದದ್ದು ನಿನ್ನ ಮಂಚದ ಆಚೆ ಒತ್ತರಿಸಿದ್ರೆ ಓಡಾಡೋಕೆ ದಾರಿ ಆಗತ್ತೆ."

"ಕಮೋಡ್ ಎತ್ತಿಡಬಹುದು ಅಕ್ಕಾ. ಸೋಫಾ ಎಲ್ಲಿಂದ ತರ್ಲಿ?"

"ತರೋದೇನೂ ಬೇಡ. ಇವತ್ತೇ ಫೋನ್ ಮಾಡಿ ನಿಜ ಹೇಳು ಮಾರಾಯ."

"ಹೇಳಬೇಕಂತಲೇ ಬೆಳಗ್ಗೆ ಫೋನ್ ಮಾಡಿದ್ದೆ. ಸೋಫಾಗೆ ಅಂತ ದಿಂಬಿನ ಕವರ್ ಹೊಲೀತಾ ಕೂತಿದ್ಲು. ನಮ್ಮಪ್ಪನ ಮೆಷಿನ್‌ನಲ್ಲಿ."

ಮಾಮ ಜಾರಿದ ಬೆಡ್‌ಶೀಟೊಂದನ್ನು ಮಗುವಿಗೆ ಹೊದಿಸುವಂತೆ ಮೇಲಕ್ಕೆಳೆದ.

"ಅಕ್ಕಾ, ಭಾನುವಾರ ಏರ್‌ಪೋರ್ಟಿಗೆ ನೀವೂ ಬರ್ತೀರಾ? ನಿಜಾನೇ ಹೇಳಿಬಿಡೋಣ. ಆದ್ರೆ ಹೇಳೋದು ನೀವು ಹೇಳಿ. ನಾನು ಸೂಟ್‌ಕೇಸ್ ತಳ್ಕೊಂಡು ಸ್ವಲ್ಪ ಹಿಂದೆ ಬರ್ತೀನಿ."