ಅಂಗಾಲಿಗೆ ಗೊತ್ತಿದ್ದ ಗುಡ್ಡ

ಇವತ್ತು ಬೆಳಿಗ್ಗೆ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಕಾಲಿಗೆ ರವೆ ಸಿಕ್ಕಿತು. ನಿನ್ನೆ ಯಾರೋ ಡಬ್ಬಿ ಬಗ್ಗಿಸುವಾಗ ಚೆಲ್ಲಿ, ಗುಡಿಸಿದ ಶಾಸ್ತ್ರ ಮಾಡಿ ಸುಮ್ಮನಾಗಿದ್ದರು. ಯಾರೋ ಎಂದರೆ ನಾನೇ. ನಮ್ಮ ಮನೆಯಲ್ಲಿ ಉಪ್ಪಿಟ್ಟಿನ ಖಾತೆ ನನ್ನದು. ಅಂಗಾಲಿಗೆ ಹತ್ತಿದ ಆ ಸಣ್ಣ ಕಾಳುಗಳನ್ನು ಇನ್ನೊಂದು ಕಾಲಿನಿಂದ ಉಜ್ಜಿ ಉದುರಿಸುತ್ತಾ ನಿಂತವನು ಬಹಳ ಹೊತ್ತು ಹಾಗೇ ನಿಂತುಬಿಟ್ಟೆ. ಇದೇನು ಇವನು, ಚೆಲ್ಲಿದ ರವೆಗೆ ಇಷ್ಟು ಯೋಚನೆ ಮಾಡುತ್ತಾನೆ ಎಂದು ನೀವು ನಗಬಹುದು. ಕಾಲಿಗೆ ಏನೋ ಹತ್ತಿತು, ಹತ್ತಿದ್ದು ಗೊತ್ತಾಯಿತು, ಇದರಲ್ಲಿ ವಿಶೇಷವೇನಿದೆ? ಮುನಿರಾಜುವಿನ ಕಾಲುಗಳನ್ನು ನೋಡುವ ಮೊದಲು ನಾನೂ ಹಾಗೇ ಕೇಳುತ್ತಿದ್ದೆ.

ಕೆಜಿಎಫ್ ಕಡೆಗೆ ಬಂದಿದ್ದರೆ ನೀವು ಸೈನೈಡ್ ಗುಡ್ಡಗಳನ್ನು ನೋಡಿರುತ್ತೀರಿ. ಗಣಿಯಿಂದ ಮೇಲೆ ತಂದ ಕಲ್ಲನ್ನು ಅರೆದು ಹಿಟ್ಟು ಮಾಡಿ, ಅದರಲ್ಲಿದ್ದ ಚೂರುಪಾರು ಚಿನ್ನವನ್ನು ಸೈನೈಡ್ ಹಾಕಿ ತೆಗೆದುಕೊಂಡು, ಉಳಿದದ್ದನ್ನು ಸುರಿದ ರಾಶಿಗಳು ಅವು. ಸುರಿದೂ ಸುರಿದೂ ಬೆಟ್ಟಗಳೇ ಆಗಿವೆ. ಬೂದಿ ಬಣ್ಣದ ಮರಳು, ಮಳೆ ಕೊರೆದ ಕೊರಕಲು, ಮಧ್ಯಾಹ್ನ ಕಣ್ಣು ಬಿಡಲಾಗದಂಥ ಬಿಳುಪು. ಮರುಭೂಮಿ ಬೇಕಾದ ಸಿನಿಮಾದವರು ರಾಜಸ್ಥಾನದ ಖರ್ಚು ಉಳಿಸಿಕೊಂಡು ಇಲ್ಲಿಗೇ ಬರುತ್ತಾರೆ. ಹಾಗೆ ಬಂದವರು ಒಮ್ಮೆ ಲಾರಿಯಲ್ಲಿ ಒಂದು ಒಂಟೆಯನ್ನೂ ತಂದಿದ್ದರು. ಅದು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಪಕ್ಕ ನಿಂತು ಬಾಳೆಹಣ್ಣಿನ ಸಿಪ್ಪೆ ತಿನ್ನುತ್ತಿದ್ದುದನ್ನು ನಾನು ನನ್ನ ಅಂಗಡಿಯಿಂದಲೇ ನೋಡಿದೆ. ನನ್ನದು ಕನ್ನಡಕದ ಅಂಗಡಿ.

ಆ ಮರುಭೂಮಿಯಲ್ಲಿ ನಾವು ಮೂವರು ಸೈಕಲ್ ತುಳಿಯುತ್ತಿದ್ದೆವು. ದಪ್ಪ ಟೈರಿನ ಗೇರ್ ಸೈಕಲ್‌ಗಳು. ನಾನು ಸೇರಿದ್ದು ಹೊಟ್ಟೆ ಕರಗಿಸಲು. ಅದು ಕರಗಲಿಲ್ಲ, ಮೊಣಕೈಯ ಚರ್ಮ ಮಾತ್ರ ಹೋಯಿತು. ಎರಡನೆಯವನು ಸೆಲ್ವ. ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಲೈನು ಮನೆಯಲ್ಲಿ ಹುಟ್ಟಿದವನು, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಲಿಫ್ಟ್ ರಿಪೇರಿ ಮಾಡುತ್ತಾನೆ. ಈ ಗುಡ್ಡವೆಲ್ಲ ನಮ್ಮ ತಾತ, ನಮ್ಮಪ್ಪ ನೆಲದೊಳಗಿಂದ ಎತ್ತಿ ಹಾಕಿದ್ದು, ಹಾಗಾಗಿ ನನ್ನ ಆಸ್ತಿಯಲ್ಲಿ ನೀವು ಓಡಾಡುತ್ತಿದ್ದೀರಿ ಎಂದು ನಮ್ಮಿಬ್ಬರ ಮೇಲೆ ದರ್ಬಾರು ನಡೆಸುತ್ತಿದ್ದ. ಮೂರನೆಯವನೇ ಮುನಿರಾಜು. ಬಂಗಾರಪೇಟೆಯ ಹತ್ತಿರದ ಹಳ್ಳಿಯವನು, ಮನೆಯಲ್ಲಿ ನಾಲ್ಕು ಸೀಮೆಹಸು. ಹಾಲಿನ ಕ್ಯಾನು ಕಟ್ಟಿಕೊಂಡು ಒಂದು ತೊಟ್ಟೂ ಚೆಲ್ಲದೆ ಕಾಲುದಾರಿಯಲ್ಲಿ ಡೈರಿಗೆ ಹೋಗಿ ಬಂದವನಿಗೆ ಯಾವ ಇಳಿಜಾರು ತಾನೇ ಲೆಕ್ಕ? ಬೆಳಗಿನ ಹಾಲು ಕರೆದು ಬಂದರೆ ಸಂಜೆ ಕರೆಯುವ ಹೊತ್ತಿನವರೆಗೆ ಅವನು ನಮ್ಮವನು.

ಕೆಲವು ಭಾನುವಾರ ಕಾಮಸಮುದ್ರದ ಕಡೆಯ ಕಲ್ಲುಗುಡ್ಡಗಳಿಗೂ ಹೋಗುತ್ತಿದ್ದೆವು. ಅಲ್ಲಿ ಬಂಡೆಗಳ ನಡುವೆ ಕುರಿಗಳು ಮಾಡಿದ ದಾರಿ, ಎರಡೂ ಕಡೆ ಮುಳ್ಳು. ನಾನು ಅರ್ಧ ದಾರಿ ಸೈಕಲ್ ಮೇಲೆ ಕೂತು, ಇನ್ನರ್ಧ ಸೈಕಲನ್ನು ನನ್ನ ಮೇಲೆ ಹೊತ್ತು ಹೋಗುತ್ತಿದ್ದೆ. ಬರುವಾಗ ಬಂಗಾರಪೇಟೆಯಲ್ಲಿ ಪಾನಿಪುರಿ. ನಮ್ಮ ಕಡೆಯ ಪಾನಿಗೆ ಬಣ್ಣವಿಲ್ಲ, ನೋಡಿದರೆ ಬರೀ ನೀರು. ಹೊಸಬರು ಮೋಸವೆಂದುಕೊಂಡು ಬಾಯಿಗೆ ಹಾಕಿಕೊಂಡ ಮೇಲೆ ಮೂಗು ಒರೆಸಿಕೊಳ್ಳುತ್ತಾರೆ. ಹಸುಗಳು ಕಾಯುತ್ತಿರುತ್ತಿದ್ದುದರಿಂದ ಮುನಿರಾಜು ನಿಲ್ಲುತ್ತಿರಲಿಲ್ಲ. ಅವನ ಪಾಲಿನದನ್ನೂ ನಾವೇ ತಿಂದು, ಮುಂದಿನ ವಾರ ಅದರ ರುಚಿ ವರ್ಣಿಸಿ ಅವನ ಹೊಟ್ಟೆ ಉರಿಸುತ್ತಿದ್ದೆವು.

ಸೈನೈಡ್ ಗುಡ್ಡಕ್ಕೆ ಮಾತ್ರ ಮುನಿರಾಜು ಇಲ್ಲದೆ ನಾವು ಹೋದದ್ದೇ ಇಲ್ಲ. ಅದಕ್ಕೆ ಕಾರಣವಿದೆ. ಒಣಗಿದ ದಿನಗಳಲ್ಲಿ ಆ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಮಳೆ ಬಂದು ಒಂದೆರಡು ದಿನ ಬಿಸಿಲು ಬಿದ್ದರೆ ಮೇಲ್ಭಾಗ ಗಟ್ಟಿಯಾಗಿ ಸೈಕಲ್ ಸರಾಗವಾಗಿ ಓಡುತ್ತದೆ. ಹಾಲಿನವನಾದ ಮುನಿರಾಜು ಅದನ್ನು ಕೆನೆ ಎನ್ನುತ್ತಿದ್ದ. ಕೆನೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕನ್ನಡಕ ಮಾರುವವನೇ ಹೇಳುತ್ತಿದ್ದೇನೆ, ನಂಬಿ. ಅದಕ್ಕೇ ಅವನು ನಮ್ಮನ್ನು ಮೇಲೆ ನಿಲ್ಲಿಸಿ, ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಇಳಿಜಾರಿನ ಬುಡದವರೆಗೆ ಇಳಿದು ಹೋಗುತ್ತಿದ್ದ. ಹಿಮ್ಮಡಿ ಊರಿ, ಆಮೇಲೆ ಬೆರಳೂರಿ, ಒಂದೊಂದು ಕಡೆ ನಿಂತು ಮೆಲ್ಲಗೆ ತುಳಿದು ನೋಡಿ ಹತ್ತಿ ಬರುತ್ತಿದ್ದ. ಗಟ್ಟಿ ಇದ್ದರೆ ಬನ್ನಿ ಎನ್ನುತ್ತಿದ್ದ. ಇಲ್ಲದಿದ್ದರೆ, "ಬ್ಯಾಡ್ರೋ, ಒಳಗೆಲ್ಲಾ ಇಟ್ಟೈತೆ, ವಾಪಸ್ ಓಗಾನ" ಎನ್ನುತ್ತಿದ್ದ. ಹಿಟ್ಟಿನಂಥ ಪುಡಿ ಮರಳಿದೆ ಎಂದು ಅರ್ಥ. ಅಷ್ಟು ದೂರದಿಂದ ಬಂದಿದ್ದೇವಲ್ಲ ಎಂದು ಸೆಲ್ವ ತಮಿಳಿನಲ್ಲಿ ಗೊಣಗುತ್ತಿದ್ದ. ಮುನಿರಾಜು ಜಗ್ಗುತ್ತಿರಲಿಲ್ಲ. ನಮ್ಮನ್ನು ಖುಷಿಪಡಿಸಲು ಅವನ ಕಾಲು ಒಂದು ದಿನವೂ ಇಲ್ಲದ್ದನ್ನು ಇದೆ ಎಂದು ಹೇಳಲಿಲ್ಲ. ನಾನೂ ಒಮ್ಮೆ ಬೂಟು ಬಿಚ್ಚಿ ನಡೆದು ನೋಡಿದೆ. ಕಾಲು ಸುಡುತ್ತಿದೆ ಎಂಬುದರ ಹೊರತು ನನಗೆ ಇನ್ನೇನೂ ತಿಳಿಯಲಿಲ್ಲ.

ಆ ದಿನವೂ ನೋಡಿದ್ದ. ಜೋರು ಮಳೆಯಾಗಿತ್ತು, ಒಳ್ಳೆಯ ಬಿಸಿಲೂ ಬಿದ್ದಿತ್ತು. ಎಂದಿನ ಹಾಗೇ ಇಳಿದು, ತುಳಿದು, ಹತ್ತಿ ಬಂದು, ಇಷ್ಟು ದಪ್ಪ ಕೆನೆ ಈ ವರ್ಷ ಕಟ್ಟಿರಲೇ ಇಲ್ಲ ಎಂದ. ನಿಜವನ್ನೇ ಹೇಳಿದ. ಸೈಕಲ್ ಹತ್ತಿ ಮೊದಲು ಇಳಿದವನೂ ಅವನೇ. ಆದರೆ ಆ ಗಟ್ಟಿ ಮರಳಿನ ಅಡಿಯಲ್ಲಿ ಮಳೆನೀರು ಒಳಗೊಳಗೇ ಕೊರೆದು ಪೊಳ್ಳು ಮಾಡಿತ್ತು. ನಡೆದ ಮನುಷ್ಯನನ್ನು ಅದು ತಾಳಿಕೊಂಡಿತು, ಸೈಕಲ್ ಸಮೇತ ರಭಸದಿಂದ ಬಂದವನನ್ನು ತಾಳಲಿಲ್ಲ. ನಾವಿಬ್ಬರೂ ಮೇಲೆ ನಿಂತು ನೋಡುತ್ತಿದ್ದಂತೆ ನೆಲ ಬಾಯಿಬಿಟ್ಟು ಮುಂದಿನ ಚಕ್ರವನ್ನು ನುಂಗಿತು. ಮುನಿರಾಜು ಹಾರಿ ಕೆಳಗಿನ ಕೊರಕಲಿನಲ್ಲಿ ಬೆನ್ನಡಿಯಾಗಿ ಬಿದ್ದ.

ಬೀಳುತ್ತಾ ಏಳುತ್ತಾ ಓಡಿ ಇಳಿದೆವು. ಅವನಿಗೆ ಎಚ್ಚರವಿತ್ತು. ಮುಖದ ತುಂಬ ಬೂದಿ ಮರಳು. ನೋವೆಂದು ಕೂಗಲಿಲ್ಲ. ನಮ್ಮನ್ನು ನೋಡಿ ಸ್ವಲ್ಪ ರೇಗಿದ ದನಿಯಲ್ಲಿ, "ನನ್ ಕಾಲ್ ಮ್ಯಾಲೆ ಯಾರ್ಲಾ ಕುಂತಿರೋದು? ಏಳ್ರೋ" ಎಂದ.

ಅವನ ಕಾಲ ಮೇಲೆ ಯಾರೂ ಇರಲಿಲ್ಲ. ಸೈಕಲ್ ಕೂಡ ದೂರ ಬಿದ್ದಿತ್ತು. ಸೆಲ್ವ ಆ ಕಡೆ ತಿರುಗಿಕೊಂಡು ನಿಂತ. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಆಗ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಗುಡ್ಡದ ಮೇಲೆ ಸಿಟ್ಟು ಮಾಡಿ ಏನು ಬಂತು?

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿಗೆ ಆಪರೇಷನ್ ಆಯಿತು. ನರಕ್ಕೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಗಿದೆ, ಸ್ಪರ್ಶ ಮರಳಿ ಬರಬಹುದು, ಬಾರದೆಯೂ ಇರಬಹುದು, ಕಾಯಬೇಕು ಎಂದರು ಡಾಕ್ಟರು. ಆಗಿನಿಂದ ಕಾಯುವುದೇ ಅವನ ಕೆಲಸವಾಗಿದೆ. ಮಳೆಗಾಲಗಳು ಬಂದು ಹೋಗಿವೆ. ಹೆಂಡತಿ ಮಂಗಳ ಎರಡು ಹಸು ಮಾರಿ ಉಳಿದೆರಡನ್ನು ತಾನೇ ಕರೆಯುತ್ತಾಳೆ. ಅವನು ನಡುಮನೆಯ ಮಂಚದ ಮೇಲೆ ಒರಗಿ ಕೂತು, ಕೊಟ್ಟಿಗೆಯಲ್ಲಿ ಹಾಲು ಪಾತ್ರೆಗೆ ಬೀಳುವ ಸದ್ದು ಕೇಳಿಯೇ ಇವತ್ತು ಎಷ್ಟು ಹಾಲಾಯಿತೆಂದು ಹೇಳುತ್ತಾನೆ.

ವ್ಯಾಯಾಮ ಮಾಡಿಸಲು ಬಂದ ಹುಡುಗಿಯೊಬ್ಬಳು ಅವನ ಕಣ್ಣು ಮುಚ್ಚಿಸಿ ಅಂಗಾಲಿಗೆ ಹತ್ತಿ, ಬ್ರಷ್ಷು, ತಣ್ಣನೆಯ ಚಮಚ ಮುಟ್ಟಿಸಿ ಏನೆಂದು ಕೇಳುತ್ತಿದ್ದಳು. ದಿನಾ ಹೀಗೆ ಮಾಡಿಸಿ ಎಂದು ನಮಗೂ ಹೇಳಿಕೊಟ್ಟಳು. ಮುನಿರಾಜುವಿಗೆ ಹತ್ತಿ ಹಿಡಿಸಲಿಲ್ಲ. ನನ್ನ ಕಾಲಿಗೆ ಹತ್ತಿಯ ಪರಿಚಯ ಎಲ್ಲಿತ್ತು, ಪರಿಚಯ ಇರುವುದನ್ನು ತನ್ನಿ ಎಂದ. ಅಲ್ಲಿಂದ ಶುರುವಾಯಿತು ನಮ್ಮ ಭಾನುವಾರದ ಪರೀಕ್ಷೆ. ಕೆಮ್ಮಣ್ಣು, ಕೆರೆಯ ಗೋಡು, ರಾಗಿ ಹುಲ್ಲು, ರೈಲು ಹಳಿಯ ಪಕ್ಕದ ಜಲ್ಲಿ, ಸಗಣಿ, ಹೀಗೆ ವಾರಕ್ಕೊಂದನ್ನು ನಾನು ಒಯ್ಯುತ್ತಿದ್ದೆ. ಸಗಣಿ ಎಂದು ಮೊದಲ ಸಲವೇ ಹೇಳಿದಾಗ ಸೆಲ್ವ ಕುಣಿದಾಡಿಬಿಟ್ಟ. ಮುನಿರಾಜು ನಗಲಿಲ್ಲ. ಅದು ಮೂಗಿಗೆ ಗೊತ್ತಾಗಿದ್ದು, ಕಾಲಿಗಲ್ಲ ಎಂದ. ಮುಂದಿನ ವಾರದಿಂದ ಮೂಗಿನ ಸಮೇತ ಮುಖಕ್ಕೆ ಟವೆಲ್ಲು ಕಟ್ಟಿಸಿಕೊಂಡ. ಜಲ್ಲಿಯ ಸದ್ದು ಕೇಳಬಾರದೆಂದು ಟಿವಿ ಜೋರು ಮಾಡಿಸಿದ. ಹಾಗೆಲ್ಲ ಮಾಡಿ, ಪ್ರತಿ ವಾರ ಒಂದೇ ಉತ್ತರ ಕೊಟ್ಟ. ಗೊತ್ತಾಗ್ತಿಲ್ಲ.

ಸುಮ್ಮನೆ ಏನಾದರೊಂದು ಹೇಳಬಹುದಿತ್ತು. ಕೆಲವೊಮ್ಮೆ ಸರಿಯೂ ಆಗುತ್ತಿತ್ತು, ಮಂಗಳ ಒಂದು ದಿನ ನೆಮ್ಮದಿಯಾಗಿ ಊಟ ಮಾಡುತ್ತಿದ್ದಳು. ಅವನು ಹೇಳಲಿಲ್ಲ. ಗುಡ್ಡದ ಮೇಲೆ ನಿಂತು ಬ್ಯಾಡ್ರೋ ಎನ್ನುತ್ತಿದ್ದ ಅದೇ ದನಿಯಲ್ಲಿ ಗೊತ್ತಾಗ್ತಿಲ್ಲ ಎನ್ನುತ್ತಿದ್ದ. ಆ ದನಿ ಕೇಳಲಾರದೆ ಸೆಲ್ವ ಬರುವುದನ್ನೇ ಬಿಟ್ಟ. "ನನ್ನಿಂದ ಆಗಲ್ಲ ಮಚ್ಚಾ" ಎಂದು ಫೋನಿನಲ್ಲಿ ಅತ್ತ. ನಾನು ಮಾತ್ರ ಹೋಗುತ್ತಿದ್ದೆ. ಒಳಗೆ ಆಸೆ ಸತ್ತುಹೋಗಿತ್ತು. ಆದರೂ ಎಂದಾದರೊಂದು ದಿನ ಅವನು ಗೊತ್ತಾಯಿತು ಎಂದರೆ ಅದು ಗೊತ್ತಾಗಿಯೇ ಇರುತ್ತದೆ ಎಂಬುದೊಂದನ್ನು ಹಿಡಿದುಕೊಂಡಿದ್ದೆ.

ಕಳೆದ ಭಾನುವಾರಕ್ಕೆ ಅವನು ಗುಡ್ಡದ ಮರಳನ್ನೇ ತಾ ಎಂದಿದ್ದ. ಹೋಗಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ, ನೀರು ಚಿಮುಕಿಸಿ, ಬಾಯಿ ಬಿಗಿದು ತಂದೆ. ಮಂಗಳ ಅವನ ಮುಖಕ್ಕೆ ಟವೆಲ್ಲು ಕಟ್ಟಿ, ಟಿವಿ ಜೋರು ಮಾಡಿ, ಬಾಗಿಲ ಹತ್ತಿರ ನಿಂತಳು. ನಾನು ಅವನ ಕಾಲ ಬಳಿ ನೆಲದ ಮೇಲೆ ಕೂತೆ. ಕವರಿನ ಗಂಟು ಬಿಗಿಯಾಗಿತ್ತು. ಉಗುರಿನಿಂದ ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದೆ. ಆಗ ಅವನು ಕೈಯೆತ್ತಿದ.

"ತಾಳ್ಲಾ," ಎಂದ. "ಬಂತು. ತಣ್ಣಗೈತೆ. ಎಡಗಾಲ್ ಬೆಳ್ಳಿನ ಸಂದೀಲಿ. ಮರಳು ಕಣ್ಲಾ, ನಮ್ ಗುಡ್ಡದ್ದೇ ಮರಳು."

ಗಂಟು ಇನ್ನೂ ನನ್ನ ಹಲ್ಲಿನಲ್ಲೇ ಇತ್ತು. ಒಂದು ಕಾಳು ಮರಳೂ ಅವನ ಕಾಲಿಗೆ ಸೋಕಿರಲಿಲ್ಲ. ನಾನು ತಲೆಯೆತ್ತಿ ಮಂಗಳಳನ್ನು ನೋಡಿದೆ. ಅವಳು ಎಲ್ಲವನ್ನೂ ನೋಡಿದ್ದಳು. ಅವನು ಟವೆಲ್ಲು ಕಟ್ಟಿದ ಮುಖವನ್ನು ನಮ್ಮ ಕಡೆ ತಿರುಗಿಸಿ ಉತ್ತರಕ್ಕೆ ಕಾಯುತ್ತಿದ್ದ.

"ಊಂ," ಎಂದಳು ಮಂಗಳ. "ಮರಳೇ."

ಒಳಗೆ ಹೋಗಿ ಒದ್ದೆ ಬಟ್ಟೆ ತಂದಳು. ನನ್ನನ್ನು ಸ್ವಲ್ಪ ಸರಿಸಿ ಕೂತು, ಅವನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಗಳನ್ನೆಲ್ಲ ಬಿಡಿಸಿ ಬಿಡಿಸಿ, ಇಲ್ಲದ ಮರಳನ್ನು ಒರೆಸಿದಳು. ನಾನು ಕವರನ್ನು ಅಂಗಿಯ ಒಳಗೆ ಸೇರಿಸಿಕೊಂಡು ಹೊರಗೆ ಬಂದೆ. ಹೊಟ್ಟೆಗೆ ಮರಳು ತಣ್ಣಗೆ ತಾಗುತ್ತಿತ್ತು. ಒಳಗೆ ಅವನು ಆಗಲೇ ಸೆಲ್ವನಿಗೆ ಫೋನು ಹಚ್ಚಿ ಹೇಳುತ್ತಿದ್ದ, ಹೇಳುತ್ತಾ ಅಳುತ್ತಿದ್ದ, ಅಷ್ಟು ಸಂತೋಷದಿಂದ ಅವನು ಮಾತಾಡಿದ್ದನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ.

ಇವತ್ತು ಮತ್ತೆ ಭಾನುವಾರ. ಈಗಷ್ಟೇ ಮಂಗಳ ಫೋನು ಮಾಡಿದ್ದಳು. ಸೆಲ್ವ ಮೊದಲ ರೈಲಿಗೇ ಬಂದಿಳಿದು, ಮುನಿರಾಜುವಿನ ಸೈಕಲ್ ಹೊರಗೆ ತೆಗೆದು ಒರೆಸುತ್ತಿದ್ದಾನಂತೆ. ಚೈನಿಗೆ ಎಣ್ಣೆಯನ್ನೂ ಬಿಟ್ಟನಂತೆ. ಅವಳ ದನಿ ತಗ್ಗಿತು.

"ಅಣ್ಣಾ, ಎಷ್ಟೊತ್ಗೆ ಬತ್ತೀರಿ? ಎದ್ದಾಗಿಂದ ಕಾಲ್ ತೊಳಸ್ಕಂಡು ಕುಂತವ್ರೆ."

ಬರುತ್ತೇನಮ್ಮ ಎಂದೆ. ಏನು ತೆಗೆದುಕೊಂಡು ಬರಲಿ ಎಂದು ಅವಳನ್ನು ಕೇಳಲಿಲ್ಲ. ಏನನ್ನು ತೆಗೆದುಕೊಂಡು ಹೋದರೂ, ಏನನ್ನೂ ತೆಗೆದುಕೊಂಡು ಹೋಗದಿದ್ದರೂ ಇನ್ನು ನಡೆಯುತ್ತದೆ.