ಕೈಬಿಟ್ಟ ಸಣ್ಣ ಸಾಧ್ಯತೆಗಳು

—ಅಥವಾ ಪ್ರೋಗ್ರಾಮಿನ ಆ ಮಿತಿಯನ್ನು ನಾನು ಬದಲಿಸಿದ್ದು ನೀವು ಲೆಕ್ಕ ಮುಗಿಸಿದ ಮೇಲೆಯೇ? ಕ್ರಮ ಕಲಸಿಹೋಗಿದೆ, ಗಿರಿಜಾ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಒಂದು ಮಾತ್ರ ನಿಜ: ತಪ್ಪಿದ್ದು ನಿಮ್ಮ ಲೆಕ್ಕವಲ್ಲ, ನನ್ನ ಪ್ರೋಗ್ರಾಮ್. ಅದು ನನಗೆ ಅಂದೇ ಗೊತ್ತಿತ್ತು.

ರಾಜಾಜಿನಗರದ ಆ ಮಹಡಿ ಆಫೀಸು, ದಪ್ಪ ಮಾನಿಟರುಗಳು, ಕೆಳಗೆ ಲೇತ್ ಯಂತ್ರದ ಕಿರುಗುಟ್ಟುವಿಕೆ. ಕಾರ್ಖಾನೆಯೊಂದರಲ್ಲಿ ಏನೇನು ಒಟ್ಟಿಗೆ ಕೆಟ್ಟರೆ ಅನಾಹುತ, ಅದರ ಸಂಭವ ಎಷ್ಟು ಎಂದು ಹೇಳುವ ಸಾಫ್ಟ್‌ವೇರ್ ನಮ್ಮದು. ನಾನು ಬರೆಯುತ್ತಿದ್ದೆ. ಪ್ರತಿ ಸಲವೂ ನೀವು ಒಂದು ಭಾಗವನ್ನು ಆಯ್ದು, ಕೈಯಲ್ಲೇ ಲೆಕ್ಕ ಹಾಕಿ ತಾಳೆ ನೋಡಬೇಕು. ತಾಳೆಯಾಗದೆ ಏನೂ ಹೊರಗೆ ಹೋಗಬಾರದು—ಇದು ನಮ್ಮ ಮಾಲೀಕರು, ಸಾರ್, ಮಾಡಿದ ನಿಯಮ.

ನಾಯಂಡಹಳ್ಳಿಯ ಆಚೆಯ ರಾಸಾಯನಿಕ ಕಾರ್ಖಾನೆಯವರು ಮರುದಿನ ಬರುವವರಿದ್ದರು. ಟ್ಯಾಂಕು ಅತಿಯಾಗಿ ಬಿಸಿಯಾಗದಂತೆ ನೋಡಿಕೊಳ್ಳುವ ಪಂಪಿಗೆ ಜೊತೆಗೊಂದು ಬದಲಿ ಪಂಪು ಬೇಕೇ, ಬೇಡವೇ? ನಮ್ಮ ಉತ್ತರದ ಮೇಲೆ ಅವರ ತೀರ್ಮಾನ. ಆದರೆ ಕಾರ್ಖಾನೆಯ ವಿವರವನ್ನೆಲ್ಲ ತುಂಬಿಸಿದರೆ ಪ್ರೋಗ್ರಾಮ್ ಅರ್ಧದಲ್ಲೇ ನಿಂತುಬಿಡುತ್ತಿತ್ತು. ತೀರಾ ಸಣ್ಣ ಸಾಧ್ಯತೆಗಳನ್ನು ಎಣಿಸದೆ ಬಿಡಲು ಒಂದು ಮಿತಿ ಇರುತ್ತದಲ್ಲ—ಅದನ್ನು ಏರಿಸಿದೆ. ಓಡಿತು. ಅಪಾಯ ಕಡಿಮೆ ಎಂದಿತು. ಬಿಟ್ಟ ಸಣ್ಣವೆಲ್ಲ ಸೇರಿದರೆ ಎಷ್ಟಾಗುತ್ತದೆಂದು ನೋಡಲು ನಾನು—

ನೋಡಿದ್ದು ನೀವು. ಹಾವೇರಿ ಕಡೆಯ ನಿಮ್ಮ ಮಾತು ಕಿವಿಯಲ್ಲಿದೆ: “ನಂದು ಜಾಸ್ತಿ ಬರಾಕತ್ತೈತ್ರಿ. ನಿಮ್ಮ ಮಷಿನ್ನು ಏನೋ ನುಂಗೈತಿ ನೋಡ್ರಿ.” ನಗುತ್ತಾ ಹೇಳಿದಿರಿ. ನಗು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಸಾರ್ ಬಾಗಿಲಲ್ಲಿದ್ದರು. “ಏನಪ್ಪಾ, ಯಾರ್ದು ತಪ್ಪು? ನಾಳೆ ಅವ್ರು ಬರ್ತಾ ಇದಾರೆ ಕಣಯ್ಯಾ.”

“ಅವರದ್ದೇ ಸಾರ್. ಒಂದೇ ದೋಷಾನ ಎರಡು ಸಲ ಕೂಡಿಸಿದಾರೆ,” ಎಂದೆ ನಾನು.

“ಏನಮ್ಮಾ ಗಿರಿಜಾ, ಪೆನ್ಸಿಲ್ ಸ್ವಲ್ಪ ಚೂಪು ಮಾಡ್ಕೋ!”

ಇಲ್ಲದ ತಪ್ಪನ್ನು ಹುಡುಕುತ್ತಾ ಮತ್ತೆ ಕೂತಿರಿ. ಸಣ್ಣ ಸಾಧ್ಯತೆಗಳನ್ನು ಒಂದೊಂದಾಗಿ ತೋರಿಸಿ, “ಇದನ್ನ ಬಿಡಬೌದೇನ್ರಿ?” ಎಂದು ಕೇಳಿದಿರಿ. ನಾನು ಹೌದೆಂದು ತಲೆಯಾಡಿಸಿದೆ. ಪ್ರತಿ ಸಲವೂ. ಸಂಜೆಗೆ ತಾಳೆಯಾಯಿತು. “ಸಾರಿ ರೀ, ಸುಮ್ನ ನಿಮಗ ತ್ರಾಸು ಕೊಟ್ಟೆ,” ಎಂದಿರಿ—

ಬದಲಿ ಪಂಪು ಬೇಡವೆಂದು ಕಾರ್ಖಾನೆಯವರು ಒಪ್ಪಿ ಹೋದರು. ಇನ್ನು ಕೈಲೆಕ್ಕ ಬೇಡ ಎಂದರು ಸಾರ್. ಆಮೇಲೆ ನಿಮ್ಮ ಲೆಕ್ಕವನ್ನು ನೀವೇ ನಂಬದೆ ಪ್ರತಿ ಉತ್ತರವನ್ನೂ ನನ್ನನ್ನೇ ಕೇಳತೊಡಗಿದಿರಿ; ಒಂದು ದಿನ ಕೆಲಸವನ್ನೇ ಬಿಟ್ಟಿರಿ. ಮುಂದಿನ ಆವೃತ್ತಿಯಲ್ಲಿ ಮಿತಿಯನ್ನು ಸದ್ದಿಲ್ಲದೆ ಇಳಿಸಿ, ಅದನ್ನು ಸುಧಾರಣೆ ಎಂದು ಕರೆದೆ. ಕಾರ್ಖಾನೆಗೆ ತಿಳಿಸಲಿಲ್ಲ. ನಿಮಗೂ.

ಆ ಟ್ಯಾಂಕು ಇನ್ನೂ ಒಂದೇ ಪಂಪಿನ ಮೇಲೆ ನಿಂತಿದೆಯೋ ಗೊತ್ತಿಲ್ಲ. ಆ ದಾರಿಯಲ್ಲಿ ಹೋದಾಗ ನಾನು ಆ ಕಡೆ ನೋಡುವುದಿಲ್ಲ. ಅಂದು ತಲೆಯಾಡಿಸಿದ ನನ್ನನ್ನು ನೀವು ನಂಬಿದಿರೋ, ಎಲ್ಲ ತಿಳಿದೇ ಸುಮ್ಮನಾದಿರೋ—ಅದೂ ನನಗೆ ಗೊತ್ತಿಲ್ಲ.